ಕೊಡೆಯ ಕೆಳಗಿನ ಹಾಡು, ವೆಲ್ಡಿಂಗ್ ಶಾಪಿನ ಕವಿ

ಜೋರು ಮಳೆ. ಬೊಂಬಾಯಿಯ ಒಂದು ರಾತ್ರಿ ರಸ್ತೆ. ಬೀದಿಬದಿ ಚಹಾ ಮಾರುವವನ ಪಕ್ಕದಲ್ಲಿ ಇಬ್ಬರು ನಿಂತಿದ್ದಾರೆ, ಇರೋದು ಒಂದೇ ಕೊಡೆ. ರಾಜ್ ಕಪೂರ್ ಮತ್ತು ನರ್ಗಿಸ್ ಆ ಕೊಡೆಯನ್ನು ಒಬ್ಬರ ಕಡೆಯಿಂದ ಇನ್ನೊಬ್ಬರ ಕಡೆಗೆ ತಳ್ಳುತ್ತಾ ಕೊನೆಗೆ ಅದರ ಕೆಳಗೆ ಒಟ್ಟಿಗೆ ನಿಲ್ಲುತ್ತಾರೆ. 1955ರ ‘ಶ್ರೀ 420’ ಸಿನಿಮಾವನ್ನು ನೀವು ನೋಡಿಲ್ಲದಿರಬಹುದು. ಆದರೆ ಈ ದೃಶ್ಯವನ್ನು ನೋಡೇ ಇರುತ್ತೀರಿ. ಕೆಫೆಯ ಗೋಡೆ ಮೇಲೆ, ಟೀ ಶರ್ಟ್ ಮೇಲೆ, ಮಳೆಗಾಲ ಶುರುವಾದರೆ ಸಾಕು, ರೀಲ್ಸ್‌ಗಳಲ್ಲಿ. ಸಂಗೀತ ಶಂಕರ್-ಜೈಕಿಶನ್ ಅವರದು, ದನಿ ಲತಾ ಮಂಗೇಶ್ಕರ್ ಮತ್ತು ಮನ್ನಾ ಡೇ ಅವರದು. ಇದೇ ಮನ್ನಾ ಡೇ ತಮ್ಮ ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲಿ ಕಳೆದು, 2013ರಲ್ಲಿ ಇಲ್ಲೇ ತೀರಿಕೊಂಡರು.

ಈಗ ಇನ್ನೊಂದು ದೃಶ್ಯ. ಕಾರ್ಮಿಕ ಸಂಘಟನೆಗಳ ಅಖಿಲ ಭಾರತ ಮುಷ್ಕರ ಅಂದಾಗಲೆಲ್ಲ ವರದಿಗೆ ಹೋದ ನನ್ನ ಕಿವಿಗೆ ಒಂದು ಹಿಂದಿ ಘೋಷಣೆ ಬಿದ್ದೇ ಬೀಳುತ್ತೆ. ದಬ್ಬಾಳಿಕೆಗೆ ಮುಷ್ಕರವನ್ನು ಎದುರು ನಿಲ್ಲಿಸುವ ಘೋಷಣೆ ಅದು. ಕೂಗುವವರಲ್ಲಿ ಹಿಂದಿ ಬಾರದವರೇ ಹೆಚ್ಚು. ಆದರೂ ತಾಳ ತಪ್ಪಲ್ಲ. ಅದನ್ನು ಬರೆದವರು ಯಾರು ಅಂತ ಕೇಳಿದರೆ ಬಹಳಷ್ಟು ಜನಕ್ಕೆ ಗೊತ್ತಿರಲ್ಲ. ಘೋಷಣೆಗಳಿಗೆ ಕವಿ ಇರ್ತಾನೆ ಅನ್ನೋದೇ ನಮಗೆ ಹೊಳೆಯಲ್ಲ.

ಕೊಡೆಯ ಕೆಳಗಿನ ಪ್ರೇಮಗೀತೆ, ಮುಷ್ಕರದ ಘೋಷಣೆ, ಎರಡನ್ನೂ ಬರೆದಿದ್ದು ಒಬ್ಬರೇ. ಶೈಲೇಂದ್ರ. ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದ ಕಾರ್ಮಿಕ, ದಲಿತ, ಎಡಪಂಥೀಯ ರಂಗಚಳವಳಿಯ ಕವಿ, ಹಿಂದಿ ಸಿನಿಮಾದ ಅತಿ ದೊಡ್ಡ ಗೀತರಚನೆಕಾರರಲ್ಲಿ ಒಬ್ಬರು. ಬದುಕಿದ್ದು ಬರೀ 43 ವರ್ಷ. ಪ್ರೇಮಗೀತೆ ಅಂದ್ರೆ ರಾಜಕೀಯದಿಂದ ರಜೆ ಅಂತ ನಮ್ಮಲ್ಲಿ ಹಲವರು ನಂಬಿಕೊಂಡಿದ್ದೇವಲ್ಲ, ಅವರ ಬದುಕನ್ನು ಒಮ್ಮೆ ನೋಡಿದರೆ ಆ ನಂಬಿಕೆ ನಿಲ್ಲಲ್ಲ.

ರಾವಲ್ಪಿಂಡಿಯಿಂದ ಮಾಟುಂಗಾಗೆ

ಹುಟ್ಟಿದ್ದು 1923ರ ಆಗಸ್ಟ್ 30ರಂದು, ಇಂದಿನ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ. ಮನೆಯವರಿಟ್ಟ ಹೆಸರು ಶಂಕರದಾಸ್. ಕುಟುಂಬದ ಮೂಲ ಬಿಹಾರದ ಆರಾ ಸೀಮೆ. ತಂದೆ ಕೆಲಸ ಹುಡುಕಿಕೊಂಡು ಅಷ್ಟು ದೂರ ಹೋಗಿದ್ದರು. ಆಮೇಲೆ ಕಷ್ಟಕಾಲ ಬಂದು ಇಡೀ ಸಂಸಾರ ಮಥುರಾಕ್ಕೆ ಬಂತು. ಹುಡುಗ ಓದಿದ್ದು, ಕವಿತೆ ಬರೆಯೋಕೆ ಶುರು ಮಾಡಿದ್ದು ಅಲ್ಲೇ.

ಮಥುರಾದ ದಿನಗಳ ಒಂದು ಘಟನೆಯನ್ನು ಅವರ ಮನೆಯವರು ನೆನಪಿಸಿಕೊಂಡಿದ್ದಾರೆ. ಹುಡುಗನಿಗೆ ಹಾಕಿ ಆಟದ ಹುಚ್ಚು. ಒಂದು ದಿನ ಮೈದಾನದಲ್ಲಿ ಮೇಲ್ಜಾತಿಯ ಹುಡುಗರು, ಇಂಥವರೂ ಈಗ ಹಾಕಿ ಆಡೋಕೆ ಬಂದರಲ್ಲ ಅಂತ ಆಡಿಕೊಂಡರು. ಅವನು ತನ್ನ ಹಾಕಿ ಸ್ಟಿಕ್ಕನ್ನು ಅಲ್ಲೇ ಮುರಿದು ಹಾಕಿದ. ಮತ್ತೆ ಆಡಲಿಲ್ಲ. ಇಂಥ ಕಥೆ ಕೇಳಲು ನಾವು ಮಥುರಾಕ್ಕೆ ಹೋಗಬೇಕಿಲ್ಲ. ನಮ್ಮ ಯಾವ ತಾಲೂಕಿನ ಹೈಸ್ಕೂಲ್ ಮೈದಾನದಲ್ಲಿ ಕೇಳಿದರೂ ಒಂದು ಸಿಗುತ್ತೆ.

ರೈಲ್ವೆಯಲ್ಲಿ ಅಪ್ರೆಂಟಿಸ್ ಆಗಿ ಸೇರಿದ ಶಂಕರದಾಸ್, 1947ರ ಹೊತ್ತಿಗೆ ಬೊಂಬಾಯಿಯ ಮಾಟುಂಗಾ ವರ್ಕ್‌ಶಾಪಿನಲ್ಲಿದ್ದರು. ಕೆಲಸ ವೆಲ್ಡಿಂಗ್ ವಿಭಾಗದಲ್ಲಿ.

ನಾನು ಎಂಜಿನಿಯರಿಂಗ್ ಓದಿದವನು. ಮೊದಲ ವರ್ಷದ ವರ್ಕ್‌ಶಾಪ್ ಲ್ಯಾಬಿನಲ್ಲಿ ನಾವೆಲ್ಲ ಒಂದೆರಡು ವೆಲ್ಡಿಂಗ್ ಮಾಡಿದವರೇ. ಎಲೆಕ್ಟ್ರೋಡ್ ತಗಡಿಗೆ ಅಂಟಿಕೊಂಡು ಬಿಡುತ್ತೆ, ಕಿಡಿ ಹಾರಿ ಅಂಗಿ ತೂತಾಗುತ್ತೆ, ಶೀಲ್ಡ್ ಸ್ವಲ್ಪ ಸರಿದರೆ ಸಾಕು ರಾತ್ರಿಯೆಲ್ಲ ಕಣ್ಣಲ್ಲಿ ಮರಳು ಹಾಕಿದ ಹಾಗೆ ಉರಿ. ನಮಗೆ ಅದು ವಾರಕ್ಕೆ ಮೂರು ಗಂಟೆ, ಇಪ್ಪತ್ತೈದು ಮಾರ್ಕ್ಸು. ದಿನಾ ಎಂಟು ಗಂಟೆ ಅಂಥ ಶೆಡ್ಡಿನಲ್ಲಿದ್ದು, ಹೊರಗೆ ಬಂದು ಕವಿತೆ ಬರೆಯೋದು ಅಂದ್ರೆ ಏನು ಅಂತ ಊಹಿಸಲು ನನಗೆ ಆ ಮೂರು ಗಂಟೆಯ ಅನುಭವವೇ ಸಾಕು. ಶೈಲೇಂದ್ರ ಬರೆದರು. ಇಪ್ಟಾ, ಅಂದರೆ ಭಾರತೀಯ ಜನನಾಟ್ಯ ಸಂಘದ ಸಭೆಗಳಲ್ಲಿ ಓದಿದರು. ಸ್ವಾತಂತ್ರ್ಯ ಬಂದ ಹೊಸದರಲ್ಲೇ ಭಗತ್ ಸಿಂಗ್‌ನನ್ನು ಉದ್ದೇಶಿಸಿ ಒಂದು ಕವಿತೆ ಬರೆದರು. ನೀನು ಮತ್ತೆ ಹುಟ್ಟಿ ಬಂದು ಜನರ ಪರ ಮಾತಾಡಿದರೆ ಈ ಹೊಸ ಸರ್ಕಾರವೂ ನಿನ್ನನ್ನು ಬಿಡಲ್ಲ ಅನ್ನೋದು ಅದರ ಸಾರಾಂಶ. ಯುಎಪಿಎ ಕಾಲದಲ್ಲಿ ಕೂತು ಅದನ್ನು ಓದಿದರೆ ನಿನ್ನೆ ಬರೆದ ಹಾಗಿದೆ.

ಐನೂರು ರೂಪಾಯಿ

ಪಂಜಾಬ್ ಹೊತ್ತಿ ಉರಿಯುತ್ತಿದ್ದ ದಿನಗಳು. ದೇಶವಿಭಜನೆಯ ಹಿಂಸೆಯ ಬಗ್ಗೆ ಶೈಲೇಂದ್ರ ಬರೆದ ಕವಿತೆಯನ್ನು ಅವರ ಬಾಯಲ್ಲೇ ಕೇಳಿದ ಸಭಿಕರಲ್ಲಿ ಒಬ್ಬ ಹುಡುಗನಿದ್ದ. ಇನ್ನೂ ಇಪ್ಪತ್ತರ ಹರೆಯ. ತನ್ನ ಮೊದಲ ಸಿನಿಮಾ ‘ಆಗ್’ ನಿರ್ದೇಶಿಸುವ ತಯಾರಿಯಲ್ಲಿದ್ದ. ಹೆಸರು ರಾಜ್ ಕಪೂರ್. ಸಿನಿಮಾಕ್ಕೆ ಬರೆದುಕೊಡಿ ಅಂತ ಕೇಳಿದ. ಶೈಲೇಂದ್ರ ಆಗಲ್ಲ ಅಂದುಬಿಟ್ಟರು. ಕವಿತೆ ಮಾರಾಟಕ್ಕಿಲ್ಲ ಅನ್ನೋದು ಅವರ ನಿಲುವಾಗಿತ್ತು.

ಈ ಕಥೆ ಇಲ್ಲಿಗೇ ನಿಂತಿದ್ದರೆ ನಮ್ಮ ತರದವರಿಗೆ ಬಹಳ ಇಷ್ಟವಾಗುತ್ತಿತ್ತು. ಬಂಡವಾಳಕ್ಕೆ ತಲೆಬಾಗದ ಕವಿ! ಆದರೆ ಬಡವರ ಬದುಕು ಪೋಸ್ಟರ್ ಮಾಡೋಕೆ ಒದಗಲ್ಲ. ಕೆಲವು ಕಾಲದ ನಂತರ ಹೆಂಡತಿ ಶಕುಂತಲಾ ಬಸುರಿಯಾದರು. ಕೈಯಲ್ಲಿ ಕಾಸಿಲ್ಲ. ಶೈಲೇಂದ್ರ ತಾವಾಗಿಯೇ ರಾಜ್ ಕಪೂರ್ ಹತ್ತಿರ ಹೋದರು. ‘ಬರ್ಸಾತ್’ ಚಿತ್ರದ ಕೆಲಸ ಬಹುಪಾಲು ಮುಗಿದಿತ್ತು, ಎರಡು ಹಾಡು ಮಾತ್ರ ಬಾಕಿ ಇತ್ತು. ಅವೆರಡನ್ನೂ ಬರೆದು ಐನೂರು ರೂಪಾಯಿ ತಗೊಂಡರು. 1949ರಲ್ಲಿ ಚಿತ್ರ ಬಂತು, ಹಾಡುಗಳು ಊರೂರು ಸುತ್ತಿದವು.

ಇದನ್ನು ರಾಜಿ ಅಂತ ಕರೆಯಬಹುದಾ? ಕರೆಯುವವರು ಆಗಲೂ ಇದ್ದಿರಬಹುದು. ಬಾಡಿಗೆ ಕಟ್ಟುವ ತಲೆನೋವಿಲ್ಲದವರಿಗೆ ಬೇರೆಯವರ ರಾಜಿಗಳನ್ನು ಲೆಕ್ಕ ಹಾಕೋದು ಸುಲಭ. ನನಗೆ ಮುಖ್ಯ ಅನಿಸೋದು ಆ ಐನೂರು ರೂಪಾಯಿಯ ನಂತರ ಅವರು ಏನು ಬರೆದರು ಅನ್ನೋದು. 1951ರಲ್ಲಿ ‘ಆವಾರಾ’ದ ಶೀರ್ಷಿಕೆ ಗೀತೆ ಬರೆದರು. ಮನೆಯಿಲ್ಲದ, ಸಂಸಾರವಿಲ್ಲದ ಒಬ್ಬ ಅಲೆಮಾರಿಯ ಆ ಹಾಡು ಸೋವಿಯತ್ ರಷ್ಯಾ, ಚೀನಾ, ಟರ್ಕಿಗಳಲ್ಲಿ ಹಿಂದಿಯ ಗಂಧವಿಲ್ಲದವರ ಬಾಯಲ್ಲೂ ಓಡಾಡಿತು. 1953ರಲ್ಲಿ ಬಿಮಲ್ ರಾಯ್ ಅವರ ‘ದೋ ಬಿಘಾ ಜಮೀನ್’ಗೆ ಬರೆದರು. ಎರಡು ಬಿಘಾ ನೆಲ ಉಳಿಸಿಕೊಳ್ಳಲು ಕಲ್ಕತ್ತೆಗೆ ಹೋಗಿ ರಿಕ್ಷಾ ಎಳೆಯುವ ರೈತನ ಕಥೆ ಅದು. ಅದೇ ವರ್ಷಗಳಲ್ಲಿ ‘ನ್ಯೋತಾ ಔರ್ ಚುನೌತಿ’ ಅನ್ನೋ ಕವನ ಸಂಕಲನವೂ ಬಂತು. ಆಹ್ವಾನ ಮತ್ತು ಸವಾಲು ಅಂತ ಅರ್ಥ. ಸಿನಿಮಾಕ್ಕೆ ಬಂದವರು ಚಳವಳಿಯ ಕವಿತೆಯನ್ನೇನೂ ಬಾಗಿಲಾಚೆ ಬಿಟ್ಟು ಬರಲಿಲ್ಲ.

ಹತ್ತು ದಿಕ್ಕಿನ ಜಗಳ

ಈಗ ಮತ್ತೆ ಕೊಡೆಯ ಹಾಡಿಗೆ ಬರೋಣ. ಈ ಹಾಡಿನ ಸುತ್ತ ಒಂದು ಜಗಳದ ಕಥೆ ಸಿನಿಮಾ ಜಗತ್ತಿನಲ್ಲಿ ಬಹಳ ಪ್ರಸಿದ್ಧ.

ಹಾಡಿನ ಒಂದು ಚರಣದಲ್ಲಿ ಈ ಪ್ರೇಮದ ಕಥೆ ಹತ್ತು ದಿಕ್ಕಿಗೂ ತಲುಪುವ ಮಾತು ಬರುತ್ತೆ. ಜೈಕಿಶನ್ ತಕರಾರು ತೆಗೆದರು. ಸಾಮಾನ್ಯ ಪ್ರೇಕ್ಷಕನಿಗೆ ಗೊತ್ತಿರೋದು ನಾಲ್ಕು ದಿಕ್ಕು, ಹತ್ತು ಅಂದ್ರೆ ಅವನಿಗೆ ಗೊಂದಲವಾಗುತ್ತೆ, ನಾಲ್ಕು ಅಂತಲೇ ಬರೆಯಿರಿ ಅನ್ನೋದು ಅವರ ವಾದ. ಶೈಲೇಂದ್ರ ಒಪ್ಪಲಿಲ್ಲ. ಜನರ ಅಭಿರುಚಿಯ ನೆಪ ಹೇಳಿಕೊಂಡು ನಮ್ಮ ಸೋಮಾರಿತನವನ್ನು ಅವರ ತಲೆಗೆ ಕಟ್ಟಬಾರದು, ಅವರ ಅಭಿರುಚಿಯನ್ನು ಒಂದು ಮೆಟ್ಟಿಲು ಮೇಲೆತ್ತೋದು ಕಲಾವಿದನ ಜವಾಬ್ದಾರಿ ಅನ್ನೋದು ಅವರ ನಿಲುವಾಗಿತ್ತು. ಹತ್ತು ದಿಕ್ಕು ಹತ್ತಾಗಿಯೇ ಉಳಿಯಿತು. ಹಾಡು ಹಿಟ್ ಆಯಿತು. ದಿಕ್ಕು ಎಷ್ಟು ಅಂತ ಯಾರೂ ಗೊಂದಲಕ್ಕೆ ಬೀಳಲಿಲ್ಲ.

ಇದನ್ನು ಸುಮ್ಮನೆ ಒಂದು ಪದದ ಹಟ ಅಂತ ನೋಡಬೇಡಿ. ವಾದ ಮಾಡುತ್ತಿದ್ದವರು ಯಾರು ನೋಡಿ. ಜನಕ್ಕೆ ಅರ್ಥವಾಗಲ್ಲ ಅನ್ನೋ ಮಾತು ಸಾಮಾನ್ಯವಾಗಿ ಜನರ ನಡುವೆ ಬದುಕದವರ ಬಾಯಲ್ಲಿ ಬರುತ್ತೆ. ಶೈಲೇಂದ್ರರಿಗೆ ‘ಜನ’ ಅಂದ್ರೆ ತಮ್ಮ ಜೊತೆ ಊಟದ ಡಬ್ಬಿ ಬಿಚ್ಚುತ್ತಿದ್ದ ಫಿಟ್ಟರ್, ವೆಲ್ಡರ್, ಖಲಾಸಿಗಳು. ಅವರು ರಾತ್ರಿ ಕಬೀರನನ್ನು ಹಾಡುವವರು, ತುಳಸಿಯ ರಾಮಾಯಣ ಕೇಳಿ ಬೆಳೆದವರು. ಹತ್ತು ದಿಕ್ಕು ಅವರಿಗೆ ಹೊಸದೇನಲ್ಲ. ನಮ್ಮಲ್ಲಿ ಅಕ್ಷರ ಬಾರದ ಅಜ್ಜಿಯೂ ಅಷ್ಟದಿಕ್ಪಾಲಕರ ಹೆಸರು ಹೇಳುತ್ತಿರಲಿಲ್ವಾ? ಹಾಗೇ ಇದೂ.

ನನ್ನ ಕಸುಬಿನಲ್ಲೂ ಈ ಜಗಳ ದಿನಾ ನಡೆಯುತ್ತೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ, ಕಾರ್ಮಿಕ ಸಂಹಿತೆಗಳ ಬಗ್ಗೆ ಬರೆದಾಗ ಓದುಗರಿಗೆ ಇದೆಲ್ಲ ತಲೆಗೆ ಹೋಗಲ್ಲ, ಐದು ಪಾಯಿಂಟ್ ಮಾಡಿಕೊಡು ಅಂದಿದ್ದರು. ಆ ಕಾನೂನು ಅನ್ವಯವಾಗೋದು ಯಾರಿಗೋ ಅವರಿಗೇ ಅದು ಅರ್ಥವಾಗಲ್ಲ ಅಂತ ಎಸಿ ರೂಮಿನಲ್ಲಿ ಕೂತು ತೀರ್ಮಾನ! ಶೈಲೇಂದ್ರರ ಭಾಷೆಯೂ ಸರಳವೇ. ಉರ್ದುವಿನ ಭಾರೀ ಪದಗಳ ಕಾಲದಲ್ಲಿ ಅವರು ಬಳಸಿದ್ದು ಸಂತೆಯಲ್ಲಿ, ರೈಲಿನಲ್ಲಿ ಕೇಳೋ ಹಿಂದಿ, ಭೋಜಪುರಿಯ ಸೊಗಡಿನ ಹಿಂದಿ. ಭೋಜಪುರಿಯ ಮೊದಲ ಚಲನಚಿತ್ರ 1963ರಲ್ಲಿ ಬಂದಾಗ ಅದರ ಹಾಡುಗಳನ್ನು ಬರೆದವರೂ ಅವರೇ. ಆದರೆ ಭಾಷೆ ಸರಳವಾಗಿದೆ ಅಂತ ಯೋಚನೆಯನ್ನು ಮೊಟಕು ಮಾಡಲಿಲ್ಲ. ಎರಡರ ನಡುವಿನ ವ್ಯತ್ಯಾಸ ನಮ್ಮ ಎಷ್ಟೋ ಸಂಪಾದಕರಿಗೆ, ಹಾಗೇ ಎಷ್ಟೋ ಸಂಘಟನೆಗಳ ಕರಪತ್ರ ಬರೆಯುವವರಿಗೆ, ಇವತ್ತಿಗೂ ಗೊತ್ತಾಗಿಲ್ಲ.

ಪ್ರೀತಿಗೂ ಒಂದು ಸೂರು ಬೇಕು

ಆ ಹಾಡನ್ನು ಸಿನಿಮಾದಿಂದ ಕಿತ್ತು ರೀಲ್ಸ್‌ಗೆ ಹಾಕಿದಾಗ ಒಂದು ವಿಷಯ ಕಳೆದುಹೋಗುತ್ತೆ. ‘ಶ್ರೀ 420’ರ ನಾಯಕ ಅಲಹಾಬಾದಿನಿಂದ ಡಿಗ್ರಿ ಹಿಡಿದುಕೊಂಡು ಬೊಂಬಾಯಿಗೆ ಬಂದ ನಿರುದ್ಯೋಗಿ. ಮಲಗೋದು ಫುಟ್‌ಪಾತ್ ಮೇಲೆ. ಕೊನೆಗೆ ಸಿಗೋದು ಲಾಂಡ್ರಿಯಲ್ಲಿ ಕೆಲಸ. ನಾಯಕಿ ಬಡ ಮಕ್ಕಳಿಗೆ ಪಾಠ ಹೇಳುವ ಟೀಚರ್. ಇಬ್ಬರಿಗೂ ನಾಳೆ ಏನು ಅಂತ ಗೊತ್ತಿಲ್ಲ. ಹಾಗಾಗಿಯೇ ಆ ಪ್ರೇಮಗೀತೆಯ ಒಳಗೆ ಸಂಭ್ರಮಕ್ಕಿಂತ ಮೊದಲು ಭಯ ಇದೆ. ಮುಂದಿನ ದಾರಿ ಕಾಣಲ್ಲ, ಗುರಿ ಎಲ್ಲಿದೆ ತಿಳಿಯಲ್ಲ ಅನ್ನೋ ಅಳುಕು ಇದೆ. ಪರಸ್ಪರ ಮಾತು ಕೊಟ್ಟುಕೊಳ್ಳುವ ಅಗತ್ಯ ಬರೋದೇ ಆ ಅಳುಕಿನಿಂದ. ಅವರ ತಲೆ ಮೇಲೆ ಇರೋ ಒಂದೇ ಸೂರು ಆ ಕೊಡೆ.

ಅದೇ ನಾಯಕ ಮುಂದೆ ದುಡ್ಡಿನ ಹಿಂದೆ ಬೀಳುತ್ತಾನೆ. ಸೇಠ್ ಒಬ್ಬ ಅವನನ್ನು ಮುಂದಿಟ್ಟುಕೊಂಡು ಒಂದು ಯೋಜನೆ ಹೂಡುತ್ತಾನೆ. ನೂರು ರೂಪಾಯಿಗೆ ಬಡವರಿಗೆ ಮನೆ. ಫುಟ್‌ಪಾತಿನ ಜನ ಕೂಡಿಟ್ಟ ಚಿಲ್ಲರೆ ತಂದು ಸುರಿಯುತ್ತಾರೆ. ಅದು ಶುದ್ಧ ಮೋಸ. ಭಾರತೀಯ ದಂಡ ಸಂಹಿತೆಯ 420ನೇ ಸೆಕ್ಷನ್. 2024ರ ಜುಲೈನಿಂದ ಹೊಸ ಸಂಹಿತೆಯಲ್ಲಿ ವಂಚನೆಯ ಸೆಕ್ಷನ್ 318 ಆಗಿದೆ, ಆದರೆ ನಮ್ಮ ಬೈಗುಳದಲ್ಲಿ ಅವನು ಫೋರ್‌ಟ್ವೆಂಟಿಯೇ. ಸೈಟು ಕೊಡ್ತೀವಿ, ಫ್ಲ್ಯಾಟ್ ಕೊಡ್ತೀವಿ ಅಂತ ಕಾಸು ಕಟ್ಟಿಸಿಕೊಂಡು ಕೈಯೆತ್ತಿದವರ ಸುದ್ದಿ ಓದುತ್ತಲೇ ಬೆಳೆದ ಬೆಂಗಳೂರಿನವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾ?

ಹಾಡಿನ ನಡುವೆ ರೇನ್‌ಕೋಟ್ ಹಾಕಿಕೊಂಡ ಮೂರು ಪುಟ್ಟ ಮಕ್ಕಳು ಮಳೆಯಲ್ಲಿ ನಡೆದು ಹೋಗುತ್ತಾರೆ. ಅವರು ರಾಜ್ ಕಪೂರ್ ಅವರ ಮಕ್ಕಳೇ. ರಣಧೀರ್, ರೀತು ಮತ್ತು ಇನ್ನೂ ಮೂರು ತುಂಬದ ರಿಷಿ. ನಾವು ಇಲ್ಲವಾದ ಮೇಲೂ ನಮ್ಮ ಗುರುತು ಉಳಿಯುತ್ತೆ ಅನ್ನೋ ಆಶಯವನ್ನು ರಾಜ್ ಕಪೂರ್ ದೃಶ್ಯವಾಗಿಸಿದ್ದು ಹಾಗೆ. ಬರೆದವರ ಗುರುತು ಉಳಿಯಿತಾ ಅನ್ನೋದು ಬೇರೆ ಪ್ರಶ್ನೆ.

ಹೆಸರಿನ ಹಿಂದಿನ ಹೆಸರು

ಶೈಲೇಂದ್ರ ಅನ್ನೋದು ಒಂಟಿ ಹೆಸರು. ಮುಂದೆ ಹಿಂದೆ ಏನೂ ಇಲ್ಲ. ಅವರು ಬದುಕಿದ್ದಾಗ ಆ ಹೆಸರಿನ ಹಿಂದಿನ ಜಾತಿ ಸಾರ್ವಜನಿಕ ಚರ್ಚೆಗೆ ಬರಲಿಲ್ಲ. ಅವರು ತೀರಿಕೊಂಡು ಸುಮಾರು ಅರ್ಧ ಶತಮಾನ ಕಳೆದ ಮೇಲೆ ಅವರ ಕವಿತೆಗಳ ಸಂಕಲನ ‘ಅಂದರ್ ಕೀ ಆಗ್’ ಬಂದಾಗ, ಮಗ ದಿನೇಶ್ ತಮ್ಮ ಕುಟುಂಬ ಚಮ್ಮಾರ ಸಮುದಾಯಕ್ಕೆ ಸೇರಿದ್ದು ಅಂತ ಬರೆದರು.

ಇಷ್ಟು ದೊಡ್ಡ ಕವಿಗೆ ಈಗ ಯಾಕೆ ಜಾತಿ ಅಂಟಿಸ್ತೀರಿ ಅಂತ ಕೇಳುವವರಿದ್ದಾರೆ. ಪ್ರಶ್ನೆ ಮೇಲುನೋಟಕ್ಕೆ ಉದಾರವಾಗಿದೆ. ಆದರೆ ಕಪೂರ್, ಬರ್ಮನ್, ಚೌಧರಿ, ಮುಖರ್ಜಿ ಅನ್ನೋ ಹೆಸರುಗಳು ಪರದೆ ಮೇಲೆ ಬಂದಾಗ ಯಾರೂ ಈ ಪ್ರಶ್ನೆ ಕೇಳಿದ್ದಿಲ್ಲ. ಶೈಲೇಂದ್ರ ಯಾಕೆ ಹೇಳಲಿಲ್ಲ ಅಂತ ನಾನು ಊಹೆ ಮಾಡಲ್ಲ, ಅದು ಅವರ ಹಕ್ಕು. ಆದರೆ ನಾವು ತಿಳಿದುಕೊಳ್ಳೋದರಿಂದ ಒಂದು ಉಪಯೋಗವಿದೆ. ಹಿಂದಿ ಸಿನಿಮಾದ ಸುವರ್ಣಯುಗ ಅಂತ ಕರೆಯೋ ಕಾಲದ ಪ್ರೀತಿಯ ನುಡಿಗಟ್ಟನ್ನು ಕಟ್ಟಿದವರಲ್ಲಿ, ಮೈದಾನದಲ್ಲಿ ಹಾಕಿ ಸ್ಟಿಕ್ ಮುರಿದು ಹಾಕಿದ ಒಬ್ಬ ದಲಿತ ಹುಡುಗನಿದ್ದ ಅನ್ನೋದು ಗೊತ್ತಾಗುತ್ತೆ. ಪ್ರತಿಭೆ ಯಾರ ಮನೆಯ ಸ್ವತ್ತು ಅಂತ ಮೀಸಲಾತಿ ಚರ್ಚೆಯಲ್ಲಿ ಗಂಟಲು ಹರಿಯುವವರಿಗೆ ಇದನ್ನು ನೆನಪಿಸಬೇಕು.

ಇನ್ನೊಂದು ಬದಿಯಿಂದಲೂ ತಪ್ಪಾಗುತ್ತೆ. ದಲಿತ ಕವಿ ಅಂದ ತಕ್ಷಣ ಅವನಿಂದ ನಾವು ಆಕ್ರೋಶವನ್ನು ಮಾತ್ರ ನಿರೀಕ್ಷಿಸುತ್ತೇವೆ. ಪ್ರೀತಿ, ಮಳೆ, ಬೆಳದಿಂಗಳೆಲ್ಲ ಬೇರೆಯವರ ಖಾತೆ ಅನ್ನೋ ಹಾಗೆ. ಕನ್ನಡದಲ್ಲಿ ನಮಗೆ ಇದಕ್ಕೆ ಉತ್ತರ ಇದೆ. ‘ಹೊಲೆಮಾದಿಗರ ಹಾಡು’ ಬರೆದ ಸಿದ್ಧಲಿಂಗಯ್ಯ, ಪುಟ್ಟಣ್ಣ ಕಣಗಾಲರ ‘ಧರಣಿ ಮಂಡಲ ಮಧ್ಯದೊಳಗೆ’ ಚಿತ್ರಕ್ಕೆ ಒಂದು ಪ್ರೇಮಗೀತೆಯನ್ನೂ ಬರೆದರು. ಹೋರಾಟದ ಹಾಡನ್ನು ಹಾಡಿಕೊಂಡವರೇ ಆ ಹಾಡನ್ನೂ ಗುನುಗಿದರು. ಪ್ರೀತಿಸುವ ಹಕ್ಕನ್ನು ಜಾತಿ ಕಸಿದುಕೊಂಡಿರುವ ದೇಶದಲ್ಲಿ, ಪ್ರೀತಿಸಿದ್ದಕ್ಕೆ ಮಕ್ಕಳನ್ನು ಮನೆಯವರೇ ಕೊಲ್ಲುವ ದೇಶದಲ್ಲಿ, ದಲಿತನೊಬ್ಬ ಪ್ರೇಮಗೀತೆ ಬರೆದು ಅದನ್ನು ಇಡೀ ದೇಶ ಹಾಡುವ ಹಾಗೆ ಮಾಡೋದು ಸಣ್ಣ ಮಾತಾ?

ಮೂರನೇ ಆಣೆ

1958ರ ‘ಯಹೂದಿ’ ಚಿತ್ರದ ಹಾಡಿಗೆ ಶೈಲೇಂದ್ರ ಫಿಲ್ಮ್‌ಫೇರ್‌ನ ಗೀತರಚನೆ ಪ್ರಶಸ್ತಿ ಪಡೆದರು. ಆ ವಿಭಾಗದ ಮೊಟ್ಟಮೊದಲ ಪ್ರಶಸ್ತಿ ಅದು. ಮುಂದಿನ ವರ್ಷ ‘ಅನಾಡಿ’ಗೆ ಇನ್ನೊಂದು. ‘ಮಧುಮತಿ’, ‘ಬಂದಿನಿ’, ‘ಗೈಡ್’ ಅಂತ ಪಟ್ಟಿ ಬೆಳೆಯುತ್ತೆ. ‘ಬಂದಿನಿ’ಯ ಸಮಯದಲ್ಲಿ ಗುಲ್ಜಾರ್ ಅನ್ನೋ ಹುಡುಗನನ್ನು ಬಿಮಲ್ ರಾಯ್ ಹತ್ತಿರ ಹೋಗು ಅಂತ ದಬ್ಬಿದವರೂ ಅವರೇ. ಖಾರ್‌ನಲ್ಲಿ ಸ್ವಂತ ಮನೆಯಾಯಿತು. ಹೆಸರು ‘ರಿಮ್‌ಝಿಮ್’. ಸಾಕಲ್ಲ ಅನಿಸುತ್ತೆ ಅಲ್ವಾ?

ಅವರಿಗೆ ಸಾಕಾಗಲಿಲ್ಲ. ಫಣೀಶ್ವರನಾಥ ರೇಣು ಅವರ ಒಂದು ಕಥೆ ತಲೆಗೆ ಹತ್ತಿತು. ಬಿಹಾರದ ಹಳ್ಳಿಯ ಗಾಡಿ ಹೊಡೆಯುವ ಹೀರಾಮನ್, ನೌಟಂಕಿಯ ನರ್ತಕಿ ಹೀರಾಬಾಯಿ, ಅವರಿಬ್ಬರ ನಡುವೆ ಹೆಸರಿಡಲಾಗದ ಒಂದು ಪ್ರೀತಿ. ಅದನ್ನು ‘ತೀಸ್ರೀ ಕಸಮ್’ ಅನ್ನೋ ಸಿನಿಮಾ ಮಾಡಲು ಶೈಲೇಂದ್ರ ತಾವೇ ನಿರ್ಮಾಪಕರಾದರು. ನಿರ್ದೇಶನ ಬಾಸು ಭಟ್ಟಾಚಾರ್ಯ, ಛಾಯಾಗ್ರಹಣ ಸತ್ಯಜಿತ್ ರಾಯ್ ಅವರ ಸಂಗಾತಿ ಸುಬ್ರತ ಮಿತ್ರ, ನಾಯಕಿ ವಹೀದಾ ರೆಹಮಾನ್. ರಾಜ್ ಕಪೂರ್ ಸಂಭಾವನೆ ಅಂತ ಒಂದು ರೂಪಾಯಿ ತಗೊಂಡರು ಅನ್ನೋದು ಪ್ರತೀತಿ. ಬೇಗ ಮುಗಿಯಬೇಕಿದ್ದ ಚಿತ್ರ ವರ್ಷಗಟ್ಟಲೆ ಎಳೆಯಿತು. ಸಾಲದ ಮೇಲೆ ಸಾಲ.

ಮುಗಿಯುವ ಹೊತ್ತಿಗೆ ಇನ್ನೊಂದು ಒತ್ತಡ ಬಂತು. ಕೊನೆಯಲ್ಲಿ ಹೀರಾಬಾಯಿ ರೈಲು ಹತ್ತಿ ಹೋಗುತ್ತಾಳೆ, ಹೀರಾಮನ್ ಒಂಟಿಯಾಗಿ ಗಾಡಿ ತಿರುಗಿಸುತ್ತಾನೆ. ಇಬ್ಬರನ್ನೂ ಒಂದು ಮಾಡಿಬಿಡಿ, ಸಿನಿಮಾ ಓಡುತ್ತೆ ಅಂತ ವಿತರಕರು ಹೇಳಿದರು, ರಾಜ್ ಕಪೂರ್ ಕೂಡ ಹೇಳಿದರು. ಶೈಲೇಂದ್ರ ಒಪ್ಪಲಿಲ್ಲ. ಕಥೆ ಬರೆದ ರೇಣು ಕೂಡ ಒಪ್ಪಲಿಲ್ಲ. ಇದು ಹತ್ತು ದಿಕ್ಕಿನ ಜಗಳವೇ, ಇನ್ನೊಮ್ಮೆ. ಈ ಸಲ ಪಣಕ್ಕಿದ್ದದ್ದು ಒಂದು ಪದ ಮಾತ್ರ ಅಲ್ಲ, ಮನೆ-ಮಠ.

1966ರಲ್ಲಿ ಬಿಡುಗಡೆಯಾದ ಚಿತ್ರ ಸೋತಿತು. ಸಾಲಗಾರರು, ಕುಡಿತ, ಕೈಬಿಟ್ಟ ಗೆಳೆಯರು, ಕೆಟ್ಟ ಆರೋಗ್ಯ. ಅದೇ ವರ್ಷ ಡಿಸೆಂಬರ್ 14ರಂದು ಶೈಲೇಂದ್ರ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದು ರಾಜ್ ಕಪೂರ್ ಹುಟ್ಟಿದ ದಿನ. ಆಮೇಲೆ ‘ತೀಸ್ರೀ ಕಸಮ್’ಗೆ ಆ ವರ್ಷದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ‘ಬ್ರಹ್ಮಚಾರಿ’ಯ ಹಾಡಿಗೆ ಮೂರನೇ ಫಿಲ್ಮ್‌ಫೇರ್ ಬಂತು. ತಗೊಳ್ಳೋಕೆ ಅವರಿರಲಿಲ್ಲ. ‘ಮೇರಾ ನಾಮ್ ಜೋಕರ್’ಗೆ ಅವರು ಅರ್ಧ ಬರೆದು ಬಿಟ್ಟಿದ್ದ ಹಾಡನ್ನು ಮಗ ಶೈಲಿ ಪೂರ್ತಿ ಮಾಡಿದರು.

ಪ್ರೇಕ್ಷಕರು ಶೈಲೇಂದ್ರರ ನಂಬಿಕೆಯನ್ನು ಉಳಿಸಿಕೊಳ್ಳಲಿಲ್ಲ, ಹಾಗಾದರೆ ಜೈಕಿಶನ್ ಹೇಳಿದ್ದೇ ಸರಿಯಾಯ್ತಲ್ಲ ಅಂತ ಯಾರಾದರೂ ಕೇಳಬಹುದು. ನಾನು ಹಾಗೆ ಲೆಕ್ಕ ಹಾಕಲ್ಲ. ಮಾರುಕಟ್ಟೆ ಒಂದು ಶುಕ್ರವಾರ ಕೊಡೋ ತೀರ್ಪು, ಜನರ ತೀರ್ಪು ಎರಡೂ ಒಂದೇ ಅಲ್ಲ. ಆ ಸಿನಿಮಾದ ಹಾಡುಗಳು ಇವತ್ತಿಗೂ ಬದುಕಿವೆ. ಆದರೆ ಒಂದನ್ನು ಮುಚ್ಚಿಡಬಾರದು. ಜನರ ಬುದ್ಧಿಯನ್ನು ನಂಬೋದಕ್ಕೆ ಖರ್ಚಿದೆ. ಆ ಖರ್ಚನ್ನು ಬಂಡವಾಳವಿಲ್ಲದ ಒಬ್ಬನೇ ಹೊತ್ತರೆ ಅವನು ಸಾಯುತ್ತಾನೆ. ಅವನನ್ನು ಆಮೇಲೆ ಮಹಾನ್ ಅಂತ ಕೊಂಡಾಡೋದು ಬಹಳ ಅಗ್ಗದ ಕೆಲಸ.

ಸ್ವತಂತ್ರ ಸಿನಿಮಾ ಮಾಡುವವರು, ಪುಟ್ಟ ಪ್ರಕಾಶನ ನಡೆಸುವವರು, ತಾಲೂಕು ಮಟ್ಟದಲ್ಲಿ ರಂಗತಂಡ ಕಟ್ಟಿಕೊಂಡವರು ಇವತ್ತೂ ನಮ್ಮ ನಡುವೆ ಇದ್ದಾರೆ. ಅವರ ಕೆಲಸವನ್ನು ನಾವು ಲೈಕ್ ಮಾಡ್ತೀವಿ, ಶೇರ್ ಮಾಡ್ತೀವಿ, ಟಿಕೆಟ್ ಕೊಳ್ಳಲ್ಲ, ಪುಸ್ತಕ ಕೊಳ್ಳಲ್ಲ. ಮುಂದಿನ ಸಲ ಮಳೆ ಬಂದಾಗ ಆ ಕೊಡೆಯ ಹಾಡನ್ನು ಸ್ಟೇಟಸ್‌ಗೆ ಹಾಕಿ, ತಪ್ಪೇನಿಲ್ಲ. ಬರೆದವರ ಹೆಸರನ್ನೂ ಒಂದು ಸಾಲು ಸೇರಿಸಿ. ಆಮೇಲೆ ನಿಮ್ಮೂರಲ್ಲಿ ಈಗ ಬದುಕಿರುವ ಒಬ್ಬ ಬರಹಗಾರನ ಪುಸ್ತಕವನ್ನು ದುಡ್ಡು ಕೊಟ್ಟು ಕೊಂಡುಕೊಳ್ಳಿ.